ಸರ್ವರ್ ಖೋಲಿಯ ಹೊಸ್ತಿಲು

"ಏ ಕಾಳೀ, ಕಣ್ಣ ಕುಂಡ್ಯಾಗ ಇಟಗೊಂಡೀಯೇನು? ಹಿಂದಕ್ಕ ಸರಿ! ನಿನ್ನ ನೆರಳ ಒಳಗ ಬಿತ್ತು ನೋಡು!"

ಯಜ್ಞೇಶ್ವರರಾಯರು ಹೀಗೆ ಕಿರುಚಿದಾಗ ನಾನು ಸರ್ವರ್ ಖೋಲಿಯ ಮೇಜಿನ ಕೆಳಗೆ ಮಂಡಿಯೂರಿ ಕೂತು, ಇಲಿ ಕಡಿದ ಕೇಬಲ್ಲಿನ ತುದಿಗೆ ಹೊಸ ಪಿನ್ನು ಒತ್ತುತ್ತಿದ್ದೆ. ಬೆನ್ನು ಬಾಗಿಲ ಕಡೆಗಿತ್ತು. ಕಸಬರಿಗೆ ಹಿಂದಕ್ಕೆ ಸರಿದ ಸಪ್ಪಳ ಕೇಳಿಸಿತು.

"ತಪ್ಪಾತ್ರಿ ಸಾಹೇಬ್ರ. ಹೊಸ್ತಲ ಮ್ಯಾಲ ಹೂವಿನ ಪಕಳಿ ಬಿದ್ದಿತ್ರಿ, ತಗೀಬೇಕಂತ..."

"ಬಿದ್ರ ಬೀಳಲಿ! ಎಷ್ಟ ಸಲ ಹೇಳಬೇಕು ಹಲ್ಕಟ್ ರಂಡಿಗೆ? ಇದು ಸರ್ವರ್ ಖೋಲಿ, ನಿಮ್ಮ ಓಣಿ ಕಟ್ಟಿ ಅಲ್ಲ." ಆಮೇಲೆ ದನಿ ಇಳಿಸಿ ಮೇಜಿನ ಕೆಳಗೆ ಬಗ್ಗಿದರು. "ನೋಡಪಾ ಹೆಬ್ಬಳ್ಳಿ, ಈ ಮಂದಿಗೆ ಬಟ್ಟು ತೋರಿಸಿದ್ರ ಹಸ್ತಾನ ನುಂಗತಾವ. ಹೌದಲ್ಲೋ?"

ಹೆಬ್ಬಳ್ಳಿ ಎಂದರೆ ನಾನು.

"ಹೌದ್ರಿ ಸರ್," ಎಂದೆ. ಪಿನ್ನು ಸೊಟ್ಟಗೆ ಕೂತಿತು. ಕತ್ತರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಕಾಳವ್ವ ನನ್ನ ಅಕ್ಕ. ದೂರದ ಸಂಬಂಧದವಳಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. ಈ ಮಾತನ್ನು ಆ ಕಚೇರಿಯಲ್ಲಿ ಮೂರು ವರ್ಷ ನುಂಗಿಕೊಂಡು ಓಡಾಡಿದವನು ನಾನು.

*

ಅದು ಧಾರವಾಡದಲ್ಲಿದ್ದ ಒಂದು ಮಂಡಳಿಯ ಕಚೇರಿ. ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಕಚೇರಿಯವರು ತಾವು ಪಾರಾದೆವು ಅಂದುಕೊಳ್ಳುತ್ತಾರೆ.

ಸಾಲೆಯ ದಾಖಲೆಯಲ್ಲಿ ನಾನು ವಿನೋದ ಮಾದರ. ಹೆಬ್ಬಳ್ಳಿಯ ಮಾದರ ಓಣಿಯವನು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿಯ ಕೋರ್ಸು ಮುಗಿಸಿ, ಒಬ್ಬ ಗುತ್ತಿಗೆದಾರನ ಹತ್ತಿರ ಕೆಲಸಕ್ಕೆ ಅರ್ಜಿ ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ವಿನೋದ ಹೆಬ್ಬಳ್ಳಿ ಎಂದು ಬರೆದೆ. ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ, ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ನಾನೂ ಹೇಳಲಿಲ್ಲ. ಆ ಹೆಸರಿನ ಮೇಲೆಯೇ ಮಾಳಮಡ್ಡಿಯಲ್ಲಿ ಬ್ರಾಹ್ಮಣರ ಹಳೆಯ ಮನೆಯೊಂದರ ಹಿತ್ತಲಲ್ಲಿ ಬಾಡಿಗೆ ಖೋಲಿ ಸಿಕ್ಕಿತು. ಅದೇ ಹೆಸರಿನ ಮೇಲೆ ಗುತ್ತಿಗೆದಾರ ನನ್ನನ್ನು ಈ ಕಚೇರಿಗೆ ಕಳಿಸಿದ.

ಇಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬ ಬೇಕಾಗಿದೆ ಎಂಬ ಸುದ್ದಿ ತಂದವಳೇ ಅಕ್ಕ. ತೊಂಬತ್ತೊಂದರಿಂದ ಇಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುತ್ತಿದ್ದಳು. ಅವ್ವ ಸತ್ತಾಗ ನಾನು ಆರು ವರ್ಷದವ, ಅವಳು ಹದಿನಾರರವಳು. ನನ್ನ ಸಾಲೆ, ನನ್ನ ಕೋರ್ಸು, ಕಾಲಿನ ಮೊದಲ ಬೂಟು, ಎಲ್ಲವೂ ಆ ಕಸಬರಿಗೆಯಿಂದ ಬಂದದ್ದು.

ಕೆಲಸಕ್ಕೆ ಸೇರುವ ಹಿಂದಿನ ದಿನ ಸತ್ತೂರಿನ ಅವಳ ಮನೆಯಲ್ಲಿ ಕೂತು ನೆಲ ನೋಡುತ್ತ ಹೇಳಿದೆ.

"ಯಕ್ಕಾ, ಅಲ್ಲಿ ನಾ ನಿನ್ನ ಮಾತಾಡ್ಸಂಗಿಲ್ಲ. ನೀನೂ ನನ್ನ..."

ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆತ ಬಿಡು. ನಾನೂ ನಿನಗ ಸಾಹೇಬ್ರ ಅಂತೇನಿ. ಈಗಿಂದನ ಬಾಯಿ ರೂಢಿ ಆಗ್ಲಿ." ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ ನಕ್ಕಳು. "ತಗೋರಿ ಸಾಹೇಬ್ರ, ರೊಟ್ಟಿ ತಿನ್ರಿ."

ನಾನೂ ನಕ್ಕೆ. ಅವತ್ತು ನಕ್ಕದ್ದಕ್ಕೆ ಇವತ್ತೂ ನಾಚಿಕೆ ಬರುತ್ತದೆ.

*

ಕಚೇರಿಯಲ್ಲಿ ಹದಿನೆಂಟು ಕಂಪ್ಯೂಟರು, ಒಂದು ಸರ್ವರು. ಜಿಲ್ಲೆಯ ಅರ್ಜಿ, ಆದೇಶ, ಕಡತ ಎಲ್ಲಾ ಆ ಒಂದು ಡಬ್ಬಿಯ ಹೊಟ್ಟೆಯಲ್ಲಿ. ಮೇಲಿನವರಿಂದ ಒಂದು ಸುತ್ತೋಲೆ ಬಂದಿತ್ತು: ಸರ್ವರ್ ಖೋಲಿಗೆ ಸಂಬಂಧಪಡದವರು ಕಾಲಿಡಬಾರದು, ಪಾಸ್‌ವರ್ಡ್ ಗುಟ್ಟಾಗಿರಬೇಕು, ಹೊರಗಿನ ಫ್ಲಾಪಿ ಹಾಕಬಾರದು.

ಪಾಸ್‌ವರ್ಡ್ ಯಜ್ಞೇಶ್ವರರಾಯರ ಮನೆದೇವರ ಹೆಸರು. ಇಡೀ ಕಚೇರಿಗೆ ಗೊತ್ತಿತ್ತು. ಗುಮಾಸ್ತರು ಮಕ್ಕಳ ಆಟದ ಫ್ಲಾಪಿ ತಂದು ಹಾಕುವರು, ವೈರಸ್ಸು ಹೊಕ್ಕು ಒಂದರಿಂದ ಇನ್ನೊಂದಕ್ಕೆ ಹಬ್ಬುವುದು, ನಾನು ಒಂದೊಂದೇ ಯಂತ್ರದ ಮುಂದೆ ಕೂತು ತೊಳೆಯುವುದು. ಬೇಸಗೆ ಬಂದರೆ ಎಲ್ಲರೂ ಸರ್ವರ್ ಖೋಲಿಯ ಎ.ಸಿ.ಗೆ ಡಬ್ಬಿ ಹಿಡಿದುಕೊಂಡು ಉಣ್ಣಲು ಬರುವರು. ಸುತ್ತೋಲೆ ಅನ್ವಯವಾದದ್ದು ಒಬ್ಬಳಿಗೇ, ಅಕ್ಕನಿಗೆ.

ತೊಂಬತ್ತೆಂಟರವರೆಗೆ ಅದು ಹಳೆ ಕಡತಗಳ ಖೋಲಿ. ಅಕ್ಕ ದಿನಾ ಗುಡಿಸುತ್ತಿದ್ದಳು, ಇಲಿ ಸತ್ತರೆ ಬಾಲ ಹಿಡಿದು ಎಸೆಯುತ್ತಿದ್ದಳು. ಸರ್ವರ್ ಬಂದ ದಿನ ಅಧೀಕ್ಷಕರಾದ ಯಜ್ಞೇಶ್ವರರಾಯರು ಸತ್ಯನಾರಾಯಣ ಪೂಜೆ ಮಾಡಿಸಿ, ಬಾಗಿಲಿಗೆ ತೋರಣ ಕಟ್ಟಿ, ಮೂಲೆಯಲ್ಲಿ ದೇವರ ಫೋಟೋ ಹಾಕಿದರು. ಅಂದಿನಿಂದ ಅವಳಿಗೆ ಒಳಗೆ ಪ್ರವೇಶವಿಲ್ಲ. ಹಾಗಾದರೆ ಖೋಲಿ ಗುಡಿಸುವವರು ಯಾರು? ಯಾರೂ ಇಲ್ಲ. ಕಪಾಟಿನ ಹಿಂದೆ ಕಸ ಗುಪ್ಪೆಯಾಗಿ ಕೂತಿತ್ತು. ಯಂತ್ರದ ಮೇಲಿನ ಧೂಳನ್ನು ಮಾತ್ರ ತಿಂಗಳಿಗೊಮ್ಮೆ ನಾನು ಬಣ್ಣದ ಬ್ರಷ್ಷಿನಿಂದ ಕೊಡವಿ, ಪೇಪರಿನಲ್ಲಿ ಕಟ್ಟಿಕೊಂಡು ಹೊರಗೆ ತರುತ್ತಿದ್ದೆ. ಹೆಸರು ಬದಲಾಯಿಸಿದರೂ ಆ ಕೆಲಸ ನಮ್ಮ ಮನೆತನ ಬಿಟ್ಟು ಹೋಗಲಿಲ್ಲ.

ಜವಾನ ಮಕ್ತುಮಸಾಬ ಚಹಾ ತರುತ್ತಿದ್ದ. ನನಗೆ ಬಸಿಯ ಮೇಲೆ ಕಪ್ಪು. ಅಕ್ಕನಿಗೆ ಸೈಕಲ್ ನಿಲ್ಲಿಸುವ ಜಾಗದ ಕಿಟಕಿಯಲ್ಲಿ ಬೋರಲು ಹಾಕಿದ ಸ್ಟೀಲಿನ ಲೋಟ. ಅವಳೇ ತೊಳೆದು, ಅವಳೇ ಹಿಡಿಯಬೇಕು, ಇವನು ಮೇಲಿನಿಂದ ಹೊಯ್ಯಬೇಕು. ಒಂದು ದಿನ ಮಕ್ತುಮಸಾಬ ನನ್ನ ಮುಖವನ್ನೇ ನೋಡುತ್ತ ನಿಂತ.

"ನಿಮ್ಮ ಮೂಗ, ಆಕಿ ಮೂಗ, ಎರಡೂ ಒಂದ ನಮೂನಿ ಅದಾವ ನೋಡ್ರಿ."

"ಏನ್ ಮಾತಾಡ್ತೀರಿ ಕಾಕಾ? ಮೈಮ್ಯಾಲ ಎಚ್ಚರ ಐತೇನು?" ಎಂದು ರೇಗಿಬಿಟ್ಟೆ.

ಅವನು ಕಪ್ಪು ಇಟ್ಟು ಹೋದ. ಕಿಟಕಿಯಾಚೆ ಅಕ್ಕ ಲೋಟ ತೊಳೆಯುತ್ತಿದ್ದಳು. ನಾನು ರೇಗಿದ್ದು ಅವಳಿಗೆ ಕೇಳಿಸಿತ್ತು.

*

ಎರಡು ಸಾವಿರದ ಮೂರರ ದಸರೆ. ಹಬ್ಬದ ರಜೆಯ ಹಿಂದಿನ ದಿನ ಕಚೇರಿಯಲ್ಲಿ ಖಂಡೆ ಪೂಜೆ. ನಮ್ಮ ಕಡೆ ಆ ಹೊತ್ತಿಗೆ ದುಡಿಯುವ ಕಬ್ಬಿಣಕ್ಕೆಲ್ಲ ಪೂಜೆಯಾಗಬೇಕು: ಕುಡಗೋಲಿಗೆ, ನೇಗಿಲಿಗೆ, ಲಾರಿಗೆ, ಹೊಲಿಗೆ ಯಂತ್ರಕ್ಕೆ. ಕಂಪ್ಯೂಟರು ಯಾಕೆ ಬಿಡಬೇಕು? ಬೆಳಿಗ್ಗೆಯೇ ಹದಿನೆಂಟೂ ಯಂತ್ರಗಳ ಹಣೆಗೆ ವಿಭೂತಿ, ಕುಂಕುಮ ಬಿತ್ತು. ರಜೆ ಮುಗಿದ ಮೇಲೆ ಅವುಗಳ ಫ್ಯಾನಿನಿಂದ ಆ ಪುಡಿ ತೆಗೆಯುವವನು ನಾನೇ ಎಂದು ಸುಮ್ಮನಿದ್ದೆ.

ಸರ್ವರಿನ ಪೂಜೆ ಸ್ವತಃ ಯಜ್ಞೇಶ್ವರರಾಯರದು. ಎ.ಸಿ. ಕೆಟ್ಟು ವಾರವಾಗಿತ್ತು. ಯಂತ್ರ ಕಾಯಬಾರದೆಂದು ಅದರ ಪಕ್ಕದ ತಗಡಿನ ಪತ್ರಾ ಬಿಚ್ಚಿಟ್ಟಿದ್ದೆ, ಒಳಗಿನ ಕರುಳೆಲ್ಲ ಕಾಣುತ್ತಿತ್ತು. ರಾಯರು ಮಡಿ ಉಟ್ಟು ಬಂದರು. ತೆಂಗಿನಕಾಯಿ ಒಡೆಯುವ ಕಲ್ಲನ್ನು ತಂದು ಸರ್ವರಿನ ಪಕ್ಕದಲ್ಲೇ ಮೇಜಿನ ಮೇಲಿಟ್ಟರು.

"ಸರ್, ಬಾಜೂ ಪತ್ರಾ ತಗದೇತ್ರಿ. ಹತ್ತ ಮಿನಿಟ್ ಬಂದ್ ಮಾಡೂಣ್ರಿ," ಎಂದೆ.

"ಹುಚ್ಚದ್ಯೇನೋ? ಹೆಣಕ್ಕ ಯಾರರೆ ಪೂಜಿ ಮಾಡ್ತಾರೇನು? ಲೈಟ್ ಹತ್ತಿರಬೇಕು, ಜೀವ ಇರಬೇಕು."

ಎಲ್ಲರೂ ನಕ್ಕರು. ನಾನೂ ನಗುವಂತೆ ಹಲ್ಲು ತೋರಿಸಿದೆ. ಆರತಿಯಾಯಿತು. ಕುಂಕುಮದ ನೀರು ಚಿಮುಕಿಸಿದರು. ಕಾಯಿ ಎತ್ತಿ ಕಲ್ಲಿಗೆ ಹೊಡೆದರು. ಅದು ಎರಡು ಹೋಳಾಗದೆ ಚೂರುಚೂರಾಗಿ ಸಿಡಿಯಿತು, ನೀರು ಸೀದಾ ಸರ್ವರಿನ ಒಡಲಿಗೆ ಹಾರಿತು. ಫಟ್ ಎಂದು ಒಂದು ನೀಲಿ ಕಿಡಿ. ಲೈಟೆಲ್ಲ ಆರಿ, ಸುಟ್ಟ ವಾಸನೆ ಎದ್ದಿತು. ಆಚೆ ಖೋಲಿಯಲ್ಲಿ ಹದಿನೆಂಟು ಪರದೆಗಳೂ ನಿಂತಲ್ಲೇ ನಿಂತವು.

ರಾಯರ ಕೈಯಲ್ಲಿ ಇನ್ನೂ ಕರಟದ ಒಂದು ತುಂಡಿತ್ತು. ಅವರ ಕಣ್ಣು ಆಕಡೆ ಈಕಡೆ ಹರಿದಾಡಿ ಬಾಗಿಲಲ್ಲಿ ನಿಂತಿತು. ಹೊಸ್ತಿಲ ಹೊರಗೆ ಅಕ್ಕ. ಹಬ್ಬಕ್ಕೆಂದು ಒಗೆದ ಇಳಕಲ್ ಸೀರೆ ಉಟ್ಟು, ಪ್ರಸಾದಕ್ಕೆ ಎರಡೂ ಕೈ ಮುಂದೆ ಹಿಡಿದು ನಿಂತಿದ್ದಳು.

"ನೋಡಿದ್ರ್ಯಾ! ಮಂಗಳಾರತಿ ಹೊತ್ನ್ಯಾಗ ಈ ಮಾರಿ ಬಂದು ನಿಂತದ! ಸುಡದ ಏನಾಗ್ತದ? ಮೈಲಿಗಿ ಮಾಡಿದಿ, ಎಲ್ಲಾ ಮೈಲಿಗಿ ಮಾಡಿದೆಲ್ಲ, ಸೂಳೆ! ನಡಿ ಆಚೆ!"

ಅಕ್ಕ ನನ್ನತ್ತ ನೋಡಲಿಲ್ಲ. ಮೂರು ವರ್ಷದ ರೂಢಿ ಅದು. ಚಾಚಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದಳು.

*

ಎರಡು ದಿನ ರಜೆಯಲ್ಲಿ ನಾನೊಬ್ಬನೇ ಆ ಖೋಲಿಯಲ್ಲಿದ್ದೆ. ಹುಬ್ಬಳ್ಳಿಯಿಂದ ಬದಲಿ ಬೋರ್ಡು ತಂದು ಕೂಡಿಸಿದೆ. ಪುಣ್ಯಕ್ಕೆ ಹಿಂದಿನ ವಾರ ದಾಖಲೆಗಳನ್ನೆಲ್ಲ ಟೇಪಿಗೆ ಇಳಿಸಿಟ್ಟಿದ್ದೆ, ಅದರಿಂದ ಮತ್ತೆ ತುಂಬಿದೆ. ಹಳೆಯ ಬೋರ್ಡು ಬಿಚ್ಚುವಾಗ ಅದರ ಮೇಲೆಲ್ಲ ಕುಂಕುಮ ಹೆಪ್ಪುಗಟ್ಟಿತ್ತು. ಫ್ಯಾನಿನ ಕೆಳಗೆ ಹೆಬ್ಬೆರಳಷ್ಟು ಒಂದು ಹಸಿ ಕೊಬ್ಬರಿಯ ಚೂರು ಸಿಕ್ಕಿಕೊಂಡಿತ್ತು. ಅದನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ, ಬೋರ್ಡನ್ನೂ ಒರೆಸದೆ ಹಾಗೇ ಇಟ್ಟುಕೊಂಡೆ. ಯಾಕೆ ಎಂದು ಆಗ ನನಗೇ ತಿಳಿದಿರಲಿಲ್ಲ.

ಎರಡನೆಯ ದಿನ ಬನ್ನಿಹಬ್ಬ. ಮಧ್ಯಾಹ್ನ ಯಜ್ಞೇಶ್ವರರಾಯರು ಬಂದರು. ಲೈಟು ಮಿನುಗುವುದನ್ನು ನೋಡಿ ಅವರ ಮುಖಕ್ಕೆ ಜೀವ ಬಂತು.

"ಭಲೇ ಹೆಬ್ಬಳ್ಳಿ! ಮರ್ಯಾದಿ ಉಳಿಸಿದಿ. ತಗೋ ಬನ್ನಿ, ಬಂಗಾರದಂಗ ಇರೂಣು."

ಬನ್ನಿ ಎಲೆ ತೆಗೆದುಕೊಂಡು, ಹಿರಿಯರೆಂದು ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು.

"ಮ್ಯಾಲಿನವ್ರಿಗೆ ವರದಿ ಹೋಗಬೇಕು. ಸರ್ವರ್ ಸುಟ್ಟದ್ದ್ಯಾಕಂತ ತಾಂತ್ರಿಕ ಮನಷ್ಯಾನೇ ಬರೀಬೇಕಂತ. ನಾ ಬರದೇನಿ, ನೀ ಸಹಿ ಒಗಿ."

ಓದಿದೆ. ದಿನಗೂಲಿ ಕೆಲಸದವಳಾದ ಕಾಳವ್ವ ಮಾದರ ಎಂಬಾಕೆ ನಿಷೇಧವಿದ್ದರೂ ಸರ್ವರ್ ಖೋಲಿಯನ್ನು ಹೊಕ್ಕು, ಒದ್ದೆ ಅರಿವೆಯಿಂದ ಯಂತ್ರ ಒರೆಸಿದ್ದರಿಂದ ನೀರು ಇಳಿದು ಅನಾಹುತವಾಗಿದೆ.

"ಸರ್, ಆಕಿ ಒಳಗ ಬಂದಿಲ್ಲಲ್ರಿ..."

"ನನಗ ಗೊತ್ತಿಲ್ಲೇನು? ಕಾಯಿನೀರು ಬಿತ್ತಂತ ಬರದ್ರ ನನ್ನ ಪಿಂಚಣಿಗೆ ಬೆಂಕಿ ಬೀಳ್ತದ. ಪೂಜಿಗೆ ನಿಂತವ್ರೆಲ್ಲಾ ಸಿಗಬೀಳ್ತಾರ. ನೀನೂ ನಿಂತಿದ್ದಿ, ಪತ್ರಾ ಬಿಚ್ಚಿದಾವನೂ ನೀನಽ." ಹೆಗಲ ಮೇಲೆ ಕೈ ಹಾಕಿದರು. "ಆಕಿದೇನು? ಇಲ್ಲಿ ಬಿಟ್ರ ಮತ್ತೆಲ್ಲೋ ಕಸಾ ಹೊಡೀತಾಳ. ಆ ಮಂದಿಗೆ ಮಾನ ಅದ ಏನು, ಹೋಗ್ಲಿಕ್ಕೆ? ನಿಂದು ಹಂಗಲ್ಲ. ನೀ ನಮ್ಮವ ಇದ್ದಂಗ."

ಹನ್ನೆರಡು ವರ್ಷ ದುಡಿದ ದಿನಗೂಲಿಗಳನ್ನು ಕಾಯಂ ಮಾಡುವ ಪಟ್ಟಿ ಅದೇ ತಿಂಗಳು ಹೊರಡುವುದಿತ್ತು. ಅಕ್ಕನ ಹೆಸರು ಅದರಲ್ಲಿ ಮೂರನೆಯದು. ಈ ಹಾಳೆ ಮೇಲೆ ಹೋದರೆ ಆ ಹೆಸರಿನ ಮೇಲೆ ಗೀಟು ಬೀಳುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ. ಅವರು ಬೈದು ಹಾಕಿಸಲಿಲ್ಲ, ಹೆದರಿಸಿ ಹಾಕಿಸಲಿಲ್ಲ. ನಮ್ಮವ ಎಂದರು, ನನ್ನ ಕೈ ತಾನೇ ಓಡಿತು. ವಿ. ಹೆಬ್ಬಳ್ಳಿ.

*

ಸಂಜೆ ಸತ್ತೂರಿಗೆ ಹೋದೆ. ಬನ್ನಿಹಬ್ಬಕ್ಕೆ ಅಕ್ಕನ ಕಾಲಿಗೆ ಬೀಳದ ವರ್ಷವೇ ಇರಲಿಲ್ಲ. ಬನ್ನಿ ಕೊಟ್ಟು ಬಾಗಿದರೆ ಅವಳು ಅರ್ಧಕ್ಕೇ ಹಿಡಿದೆತ್ತಿದಳು.

"ಬಂಗಾರದಂಗ ಇರು ನನ್ನಪ್ಪಾ. ಕಣ್ಣ ಯಾಕೋ ಕೆಂಪಗಾಗ್ಯಾವು? ಎರಡ ದಿನ ಮಕ್ಕೊಂಡಿಲ್ಲೇನು? ರಿಪೇರಿ ಆತೋ?"

"ಆತು."

"ಆಗ್ಲಾರ್ದ ಏನಾಗ್ತೈತಿ, ನನ್ನ ತಮ್ಮನ ಕೈ ಅದು." ಒಲೆಯ ಮುಂದಿನಿಂದ ಎದ್ದು, ದೇವರ ಮಾಡಿನಲ್ಲಿ ಇಟ್ಟಿದ್ದ ಒಂದು ಸಣ್ಣ ಲಕೋಟೆ ತಂದಳು. "ನೋಡಿಲ್ಲೆ. ಕಾಯಂ ಆದವ್ರಿಗೆ ಕೊಳ್ಳಾಗ ಹಾಕ್ಕೊಳ್ಳಾಕ ಕಾರ್ಡ ಕೊಡ್ತಾರಂತ, ಅದಕ್ಕ ಫೋಟೋ ಬೇಕಂತ. ಸ್ಟುಡಿಯೋಕ್ಕ ಹೋಗಿ ತಗಸೇನಿ. ಮಾರಿ ಬರೋಬ್ಬರಿ ಬಂದೈತೇನು?"

ಫೋಟೋದಲ್ಲಿ ಅಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು. ಹಬ್ಬದ ಅದೇ ಇಳಕಲ್ ಸೀರೆ.

"ಛಲೋ ಬಂದೈತಿ."

"ಹನ್ನೆರಡ ವರ್ಸದಾಗ ಅಲ್ಲಿ ಒಬ್ರರೆ ನನ್ನ ಪೂರಾ ಹೆಸರ ಕರದಿಲ್ಲೋ. ಕಾರ್ಡ ಇದ್ರ ಓದಿ ಕರೀತಾರ."

ಹೋಳಿಗೆ ಬಡಿಸಿದಳು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ನೀರು ಕುಡಿದೆ. ಉಂಡ ತಾಟು ಬಿಟ್ಟು ಎದ್ದು ಮಾಳಮಡ್ಡಿಯ ಖೋಲಿಗೆ ಓಡಿಬಂದೆ. ನನ್ನಂಥ ನಾಯಿ ಧಾರವಾಡದಲ್ಲಿ ಇನ್ನೊಂದಿರಲಿಲ್ಲ.

*

ಎಂಟನೇ ದಿನಕ್ಕೆ ಮೇಲಿನ ಕಚೇರಿಯಿಂದ ವಿಚಾರಣೆಗೆ ಒಬ್ಬ ಮೇಡಂ ಬಂದರು. ಸರ್ವರ್ ಖೋಲಿಯನ್ನು ಕಣ್ಣಾರೆ ನೋಡಬೇಕೆಂದು ಅಲ್ಲೇ ಕುರ್ಚಿ ಹಾಕಿಸಿಕೊಂಡರು. ಮೇಜಿಗೆ ಮೇಡಂ, ಪಕ್ಕದಲ್ಲಿ ಯಜ್ಞೇಶ್ವರರಾಯರು, ಗೋಡೆಗೆ ನಾನು. ಕೆಲಸದ ಚೀಲ ನನ್ನ ಹೆಗಲಲ್ಲಿತ್ತು. ಅಕ್ಕನನ್ನು ಕರೆಸಿ ಹೊಸ್ತಿಲ ಹೊರಗೆ ನಿಲ್ಲಿಸಿದರು. ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದೇ ಬಂದಿದ್ದಳು.

ಮೇಡಂ ವರದಿ ಓದಿದರು. ಅಕ್ಕ ತಲೆಬಗ್ಗಿಸಿ ಕೇಳಿದಳು. "ಅರಿವಿ? ನಾನೇನ್ರಿ? ಇಲ್ರೀ ಯವ್ವಾ, ದೇವರಾಣಿ, ಐದ ವರ್ಸಾತು ಈ ಹೊಸ್ತಲಾ ದಾಟಿಲ್ರಿ," ಎಂದಳು.

"ಸುಳ್ಳ ಬೊಗಳತಾಳ್ರಿ ಮೇಡಂ," ಎಂದರು ರಾಯರು. "ತಾಂತ್ರಿಕ ವರದಿ ಅದರಿ. ನಮ್ಮ ಹೆಬ್ಬಳ್ಳಿನೇ ಸಹಿ ಮಾಡ್ಯಾನ, ಇಲ್ಲೇ ನಿಂತಾನ ನೋಡ್ರಿ."

ಅಕ್ಕ ತಲೆಯೆತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ ಆ ಕಚೇರಿಯಲ್ಲಿ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬರೀ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ಆ ಸಾಹೇಬ್ರು ಬರದಾರೇನ್ರಿ? ಸಾಲಿ ಕಲತಾವ್ರು ಅದಾರ್ರಿ ಅವ್ರು. ಅವ್ರು ಬರದಾರಂದ್ರ ಖರೇ ಇರಬೇಕ್ರಿ. ಹೆಬ್ಬಟ್ಟ ಎಲ್ಲಿ ಒತ್ಲಿ ಹೇಳ್ರಿ."

ರಾಯರು ಶಾಯಿಯ ಪ್ಯಾಡನ್ನು ತಾವೇ ಹೊಸ್ತಿಲ ಬಳಿ ನೆಲದ ಮೇಲೆ ಇಟ್ಟು ಕಾಲಿನಿಂದ ಮುಂದೆ ತಳ್ಳಿದರು.

ನನಗೆ ತಡೆಯಲಾಗಲಿಲ್ಲ. ಚೀಲಕ್ಕೆ ಕೈ ಹಾಕಿ ಸುಟ್ಟ ಬೋರ್ಡನ್ನು ಮೇಡಂ ಮುಂದೆ ಇಟ್ಟೆ. ಅದರ ಪಕ್ಕದಲ್ಲಿ ಪೇಪರು ಬಿಚ್ಚಿ ಆ ಕೊಬ್ಬರಿಯ ಚೂರನ್ನಿಟ್ಟೆ. ಒಣಗಿ ಕರ್ರಗಾಗಿತ್ತು, ಬೂಸರು ಹಿಡಿದಿತ್ತು.

"ಕಸಾ ಹೊಡಿಯಾವ್ರು ಕುಂಕಮ ಹಚ್ಚಂಗಿಲ್ರಿ ಮೇಡಂ. ಕಾಯೀನೂ ಒಡ್ಯಂಗಿಲ್ಲ. ಇವ್ರು ಒಡದಾರ. ಆ ವರದಿ ಸುಳ್ಳ ಐತ್ರಿ, ನಾ ಸುಳ್ಳ ಸಹಿ ಮಾಡೇನಿ."

"ಏ ಬೋಳಿಮಗನ!" ರಾಯರು ಎದ್ದುನಿಂತರು. "ತಿಂದ ಮನಿಗೆ ಎರಡ ಬಗೀತೀಯೇನು? ಆ ಹೊಲಸ ಹೆಂಗಸಿನ ಸಲುವಾಗಿ? ಯಾಕ್ಲೇ, ಆಕಿ ನಿನಗೇನಾಗಬೇಕು?"

"ಅಕ್ಕ ಆಗಬೇಕು," ಎಂದೆ. ಎಲ್ಲರಿಗೂ ಕೇಳುವಂತೆ ಅಂದೆ. "ಒಡಹುಟ್ಟಿದಾಕಿ. ನಾನೂ ಮಾದರಾವನ ಅದೇನಿ. ನಿಮ್ಮ ಕಾಲ ಮುಟ್ಟೇನಿ, ನಿಮ್ಮ ಕಪ್ಪಿನ್ಯಾಗ ಮೂರ ವರ್ಸ ಚಾ ಕುಡದೇನಿ. ಈಗೇನ್ ಮಾಡ್ತೀರಿ?"

ರಾಯರು ಮೊದಲು ತಮ್ಮ ಕಾಲು ನೋಡಿಕೊಂಡರು, ಆಮೇಲೆ ಸರ್ವರನ್ನು. ಬಾಗಿಲಾಚೆ ಮಕ್ತುಮಸಾಬ ಚಹಾದ ತಾಟು ಹಿಡಿದು ನಿಂತಲ್ಲೇ ನಿಂತಿದ್ದ. ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಏನೂ ಬರೆಯಲಿಲ್ಲ.

ನಾನು ಅಕ್ಕನನ್ನು ನೋಡಿದೆ. ಈಗಾದರೂ ಕರೆಯುತ್ತಾಳೆ, ತಮ್ಮಾ ಎನ್ನುತ್ತಾಳೆ ಎಂದು ಕಾದೆ.

ಅವಳು ನೆಲದ ಮೇಲಿನ ಶಾಯಿಯ ಪ್ಯಾಡನ್ನು ಕಸಬರಿಗೆಯಿಂದ ಬದಿಗೆ ಸರಿಸಿದಳು. ಸೆರಗು ನಡುವಿಗೆ ಸಿಕ್ಕಿಸಿದಳು. ಹೊಸ್ತಿಲು ದಾಟಿ ಒಳಗೆ ಬಂದಳು.

"ಏ, ಏ!" ಎಂದರು ರಾಯರು.

"ಐದ ವರ್ಸದ ಕಸಾ ಐತ್ರಿ," ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. ಸೀದಾ ಕಪಾಟಿನ ಹಿಂದೆ ಹೋಗಿ ಬಗ್ಗಿದಳು. ಬಾಡಿದ ಹಾರ, ಊದಿನಕಡ್ಡಿಯ ಬೂದಿ, ಕಾಯಿಯ ಜುಟ್ಟು, ಸತ್ತ ಇಲಿಯ ಒಣ ತೊಗಲು, ಉಂಡು ಚೆಲ್ಲಿದ ಅಗುಳು, ಎಲ್ಲವನ್ನೂ ಎಳೆದೆಳೆದು ತಂದಳು. ಧೂಳು ಎದ್ದು ಮೇಡಂ ಸೆರಗು ಮೂಗಿಗೆ ಹಿಡಿದರು. ಕಸಬರಿಗೆ ರಾಯರ ಕಾಲ ಬುಡಕ್ಕೆ ಬಂದಾಗ ಅವರು ಹಾರಿ ಕುರ್ಚಿಯ ಆಚೆ ನಿಂತರು. ಅವಳು ನಿಲ್ಲಿಸಲಿಲ್ಲ. ಆ ಖೋಲಿಯ ಮೂಲೆಮೂಲೆಯೂ ಅವಳಿಗೆ ಗೊತ್ತಿತ್ತು.

ಗುಡಿಸುತ್ತ ಗುಡಿಸುತ್ತ ಗೋಡೆಯ ಕಡೆಗೆ ಬಂದಳು. ಕಸದ ಗುಂಪು ನನ್ನ ಬೂಟಿಗೆ ಬಂದು ತಾಗಿತು.

"ಯಕ್ಕಾ," ಎಂದೆ.

ಅವಳು ತಲೆಯೆತ್ತಲಿಲ್ಲ.

"ಕಾಲ ತಗೀರಿ, ಸಾಹೇಬ್ರ."